ಪಾಲಾಕ್ಷಪ್ಪನ ಕೈಗುಣ

ಹರಪನಹಳ್ಳಿ ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕೂತ ಪಾಲಾಕ್ಷಪ್ಪನಿಗೆ ತನ್ನ ಬಲಗೈಯನ್ನು ಎಲ್ಲಿಟ್ಟುಕೊಳ್ಳಬೇಕೆಂಬುದೇ ತಿಳಿಯದಾಗಿತ್ತು. ತೊಡೆಯ ಮೇಲಿಟ್ಟರೆ ಬಂದು ಹೋಗುವವರೆಲ್ಲ ಅದನ್ನೇ ನೋಡಿದಂತಾಗುತ್ತಿತ್ತು. ಹೆಗಲ ಕಂಬಳಿಯೊಳಗೆ ಸೇರಿಸಿದರೆ ಬೆವರುತ್ತಿತ್ತು. ಅಂಗಿಯ ಜೇಬಿಗೆ ತುರುಕೋಣವೆಂದರೆ ಅಲ್ಲಿ ಆಸ್ಪತ್ರೆಯ ಚೀಟಿಗಳು. ಐವತ್ತೈದು ವರ್ಷ ತನ್ನ ಪಾಡಿಗೆ ತಾನಿದ್ದ ಕೈ ಈ ಒಂದು ತಿಂಗಳಿಂದ ಮನೆಗೆ ಬಂದು ಕೂತ ಬೇಡದ ನೆಂಟನಂತೆ ಆಗಿತ್ತು. ಎದ್ದು ಹೋಗು ಅನ್ನುವಂತಿಲ್ಲ, ಕೂಡು ಅನ್ನಲು ಮನಸ್ಸಿಲ್ಲ. ಪಕ್ಕದಲ್ಲಿ ತಂಗಿ ಅಂಜಿನಕ್ಕ ಎಡಗಾಲನ್ನು ನೀಳಕ್ಕೆ ಚಾಚಿ, ಮೀನಖಂಡಕ್ಕೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಸೀರೆ ಎಳೆದುಕೊಂಡು, ದಾವಣಗೆರೆ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. 'ಯಣ್ಣಾ, ಚಾ ಕುಡ್ಯಾಕ ಹೋಗಿದ್ದಿ, ಹಂಗ ಬಂದಿ?' ಎಂದಳು. 'ಬ್ಯಾಡನ್ನಿಸ್ತು' ಎಂದ. ಆಕೆ ಹೀಗೆ ಕೇಳಿದಾಗಲೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲು ಇವಳದ್ದು, ನೋವು ಇವಳದ್ದು, ಇವಳ ಚಿಂತೆಯೆಲ್ಲ ನನ್ನ ಚಹಾದ ಮೇಲೆ. ಒಂದು ದಿನ, ಒಂದೇ ಒಂದು ದಿನ, ಬಾಯಿಗೆ ಬಂದಂತೆ ಬೈಯಬಾರದೆ ಈ ಹೆಣ್ಣು?

ಚಿಕಿತ್ಸೆ ನಿಲ್ಲಿಸಿ ಇವತ್ತಿಗೆ ಹತ್ತು ದಿನ ತುಂಬಿತ್ತು. ಅಂಜಿನಕ್ಕನ ಕಾಲಿನಲ್ಲಿರುವುದು ಬರಿಯ ಹುಣ್ಣಲ್ಲ, ಹಳೆಯ ಸುಟ್ಟ ಕಲೆಯೊಳಗೇ ಹುಟ್ಟಿದ ಚರ್ಮದ ಕ್ಯಾನ್ಸರು ಎಂದು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹೇಳಿದ್ದು ಯುಗಾದಿ ಕಳೆದ ಮೇಲೆ. ಮೊಣಕಾಲ ಕೆಳಗೆ ತೆಗೆದುಬಿಟ್ಟರೆ ನಿಶ್ಚಿಂತೆ ಎಂದು ಅಲ್ಲಿಯ ಹಿರಿಯ ಡಾಕ್ಟರು ಅಂದಿದ್ದರು. ಅಮೃತಾ ಎಂಬ ಡಾಕ್ಟರಮ್ಮ ಮಾತ್ರ, ಮೊದಲು ಕರೆಂಟು ಕೊಟ್ಟು ನೋಡೋಣ, ಅದರ ಜೊತೆಗೆ ಶಾಖವನ್ನೂ ಕೊಡೋಣ, ಎರಡೂ ಸೇರಿದರೆ ಕಾಲು ಉಳಿದರೂ ಉಳಿಯಬಹುದು ಎಂದಿದ್ದರು. ಕರೆಂಟೆಂದರೆ ರೇಡಿಯೇಶನ್ನು, ಅಲ್ಲಿಗೆ ಬರುವ ರೋಗಿಗಳೆಲ್ಲ ಹಾಗೇ ಅನ್ನುತ್ತಿದ್ದರು, ಕೇಳಿ ಕೇಳಿ ಡಾಕ್ಟರೂ ಹಾಗೇ ಅನ್ನುತ್ತಿದ್ದರು. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಕರೆಂಟು. ಸೋಮವಾರ ಮತ್ತು ಗುರುವಾರ ಕರೆಂಟಿನ ಬೆನ್ನಿಗೇ ಒಂದು ತಾಸು ಶಾಖ. ಅಂಜಿನಕ್ಕನ ಊರು ತಂಬ್ರಹಳ್ಳಿಯಿಂದ ಅಷ್ಟು ದೂರ ದಿನಾ ಓಡಾಡುವುದು ಆಗದ ಮಾತೆಂದು, ಅಣ್ಣ ತಂಗಿ ಇಬ್ಬರೂ ಹರಪನಹಳ್ಳಿಯಲ್ಲಿ ಅಂಜಿನಕ್ಕನ ಮಗಳು ಮಂಜಮ್ಮನ ಮನೆಯಲ್ಲಿ ಉಳಿದಿದ್ದರು. ಅಂಜಿನಕ್ಕನ ಗಂಡ ಕುರಿಯ ಹಿಂದೆ ಹೋಗಿದ್ದ. ಪಾಲಾಕ್ಷಪ್ಪನೇ ಕಾನಹೊಸಹಳ್ಳಿ ಹತ್ತಿರದ ತನ್ನ ಹಟ್ಟಿಯಿಂದ, ಯಾರೂ ಕರೆಯದೆ, ನಾನು ಕರಕೊಂಡು ಹೋಗ್ತೀನಿ ಎಂದು ಬಂದಿದ್ದ. ಅಣ್ಣ ಅಂದ್ರ ಹಿಂಗಿರಬೇಕು ನೋಡ್ರಿ ಎಂದು ನೆಂಟರೆಲ್ಲ ಹೊಗಳಿದ್ದರು. ಹೊಗಳುವವರ ಬಾಯಿಗೇನು, ಎತ್ತಿದರೆ ಆಯಿತು. ಅವನು ಮಾತ್ರ ತಲೆ ತಗ್ಗಿಸಿಕೊಂಡು, ಎಲೆ ಅಡಿಕೆ ಉಗುಳುವ ನೆಪದಲ್ಲಿ ಎದ್ದು ಹೊರಗೆ ಹೋಗಿದ್ದ.

ಆ ಶಾಖದ ಯಂತ್ರವನ್ನು ಮೊದಲ ದಿನ ನೋಡಿದಾಗ ಅವನಿಗೆ ನಗು ಬಂದಿತ್ತು. ಒಂದು ಡಬ್ಬಿ, ಡಬ್ಬಿಯ ಬಾಯಿಗೆ ನೀರು ತುಂಬಿದ ಮೆತ್ತನೆಯ ಚೀಲ, ಅದರ ಸುತ್ತ ದಾರದಂಥ ವೈರುಗಳು. 'ನಲವತ್ತೆರಡು ಡಿಗ್ರಿ, ಹೆಚ್ಚೆಂದರೆ ನಲವತ್ಮೂರು' ಎಂದು ಡಾಕ್ಟರಮ್ಮ ಹೇಳಿದ್ದರು. 'ಅಷ್ಟು ಬಿಸೀಲಿ ರೋಗದ ಮಾಂಸ ನಿತ್ರಾಣ ಆಗತ್ತೆ, ಕರೆಂಟಿನ ಏಟಿಂದ ಚೇತರಿಸಿಕೊಳ್ಳಲ್ಲ. ಒಳ್ಳೆ ಮಾಂಸ ತಡ್ಕೊಳತ್ತೆ. ಅದಕ್ಕಿಂತ ಮೇಲೆ ಹೋದ್ರೆ ಎರಡೂ ಸುಡತ್ತೆ.' ಅಷ್ಟು ಬಿಸಿ ಅಂದರೆ ಎಷ್ಟು ಎಂದು ಅವನು ಯಂತ್ರ ನೋಡಿಕೊಳ್ಳುವ ಪ್ರವೀಣಕುಮಾರ್ ಎಂಬ ಹುಡುಗನನ್ನು ಕೇಳಿದ್ದ. ಜ್ವರ ಬಂದವರ ಮೈಗಿಂತ ಒಂದೆರಡು ಹೆಚ್ಚು, ಸ್ನಾನದ ನೀರಿದ್ದಂಗೆ ಎಂದಿದ್ದ ಆತ. ಸ್ನಾನದ ನೀರು. ಕುಳ್ಳಿನ ಬೆಂಕಿಯಲ್ಲಿಟ್ಟ ಕುಡುಗೋಲು ಕಪ್ಪಿನಿಂದ ಕೆಂಪಿಗೆ, ಕೆಂಪಿನಿಂದ ಎಳೆ ಹಳದಿಗೆ ತಿರುಗುವ ಹೊತ್ತನ್ನು ಬರಿಗಣ್ಣಿನಲ್ಲಿ ಹೇಳುವವನ ಮುಂದೆ ಸ್ನಾನದ ನೀರಿನ ಮಾತು. ಕೂಡ್ಲಿಗಿ ಕೊಟ್ಟೂರು ಕಡೆಯ ನಾಲ್ಕು ಹಳ್ಳಿಯವರು ಕಾಮಾಲೆಗೆ, ಹೊಟ್ಟೆಶೂಲೆಗೆ, ಮಂಡಿ ನೋವಿಗೆ, ಎಳೆಮಕ್ಕಳ ಸೆಟೆತಕ್ಕೆ ಹುಡುಕಿಕೊಂಡು ಬರುತ್ತಿದ್ದದ್ದು ಅವನ ಬರೆಯನ್ನೇ. ಪಾಲಾಕ್ಷಪ್ಪನ ಕೈಗುಣ ಎಂದರೆ ಡಾಕ್ಟರು ಬಿಟ್ಟದ್ದೂ ಎದ್ದು ಕೂಡುತ್ತದೆ ಎಂಬ ಮಾತಿತ್ತು. ಆ ದಿನ ಸಂಜೆ ತಿರುಗಿ ಬರುವ ಬಸ್ಸಿನಲ್ಲಿ, ತಾನೇ ಡಾಕ್ಟರೆಂಬಂತೆ, ತಂಗಿಯ ಕಿವಿಯಲ್ಲಿ ಹೇಳಿದ್ದ: 'ಅವ್ರು ಹೆದರಿಕೊಂಡು ಕೊಡಾಕತ್ಯಾರ. ಬಿಸಿ ಆತೇನು ಅಂತ ಕೇಳಿದ್ರ ಇಲ್ಲ ಅನ್ನು. ಇನ್ನೊಂದೀಟು ಏರಸ್ತಾರ. ಎಷ್ಟು ತಡಕೋತಿ ಅಷ್ಟು ಬೇರು ಸಾಯ್ತಾವ.' ಅಂಜಿನಕ್ಕ 'ಹೂಂ, ಯಣ್ಣಾ' ಎಂದಿದ್ದಳು. ಐದನೆಯ ಸಲ ಶಾಖ ಕೊಟ್ಟು ಚೀಲ ಎತ್ತಿದಾಗ ಹುಣ್ಣಿನ ಪಕ್ಕದ ಚರ್ಮ ಅಂಗೈಯಗಲ ಬೊಬ್ಬೆ ಎದ್ದಿತ್ತು. ಬಿಸಿ ಆಗ್ತಿದೆ ಅಂತ ಹೇಳೋಕೆ ಬಾಯಲ್ಲಿ ಏನಿತ್ತಮ್ಮ ಎಂದು ಡಾಕ್ಟರಮ್ಮ ಕೇಳಿದರು. ನನಗ ಗೊತ್ತಾಗ್ಲಿಲ್ರಿ ಎಂದಳು ಅಂಜಿನಕ್ಕ. ಪಾಲಾಕ್ಷಪ್ಪ ಆಗ ಏನು ಮಾಡುತ್ತಿದ್ದ ಎಂದರೆ, ಗೋಡೆಯ ಮೇಲಿನ ಪಟವನ್ನು, ತನಗೆ ಓದಲು ಬಾರದ ಅಕ್ಷರಗಳನ್ನು, ಬಲು ಲಕ್ಷ್ಯದಿಂದ ನೋಡುತ್ತ ನಿಂತಿದ್ದ. ಹತ್ತು ದಿನ ಎಲ್ಲ ನಿಲ್ಲಿಸಿ ಎಂದರು ಡಾಕ್ಟರಮ್ಮ. ಹತ್ತು ದಿನಕ್ಕೆ ಚರ್ಮ ಕೂಡಿದರೆ ಮುಂದಿನದು ನೋಡೋಣ, ಕೂಡದಿದ್ದರೆ ಕಾಲು ತೆಗೆಯೋದೇ, ಆಮೇಲೆ ನನ್ನನ್ನ ಕೇಳಬೇಡಿ.

'ಪಾಲಾಕ್ಷಣ್ಣ ಅಲ್ಲೇನು?' ಎಂಬ ದನಿ ಕೇಳಿ ಅವನು ಬೆಚ್ಚಿದ. ಕೊಟ್ಟೂರಿನ ಕಡೆಯ ಗಾದಿಲಿಂಗಪ್ಪ, ಹಳೆಯ ಪರಿಚಯದವನು, ಮೂರು ನಾಲ್ಕು ವರ್ಷದ ಹೆಣ್ಣು ಮಗುವೊಂದನ್ನು ಹೆಗಲಿಗೆ ಹಾಕಿಕೊಂಡು ಎದುರಿಗೆ ನಿಂತಿದ್ದ. ಮಗಳ ಊರಿಂದ ಮೊಮ್ಮಗಳನ್ನು ಕರೆದುಕೊಂಡು ಹೊರಟಿದ್ದನಂತೆ. 'ದೇವರು ಸಿಕ್ಕಂಗ ಸಿಕ್ಕಿ ನೋಡು. ನಾಳಿ ನಿಮ್ಮ ಹಟ್ಟಿಗೇ ಬರಾಂವಿದ್ದೆ. ಕೂಸಿಗೆ ಕಾಮಾಲಿ ಆಗೈತಿ, ಕಣ್ಣು ನೋಡು' ಎಂದು ಮಗುವಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ತೋರಿಸಿದ. ಕಣ್ಣು ಅರಿಸಿನ ಬಳಿದಂತಿತ್ತು. 'ಡಾಕ್ಟರ್ ಗುಳಿಗಿ ಕೊಟ್ಟಾನ, ಮತ್ತ ಎಂಟು ದಿನ ಬಿಟ್ಟು ಬಾ ಅಂದಾನ. ಅವನ್ನ ನಂಬಿಕೊಂಡು ಕುಂದ್ರಾಕ ಆಕ್ಕೈತೇನು? ನಿನ್ನ ಕೈಲಿ ರಟ್ಟಿಗೆ ಒಂದು ಬರಿ ಎಳದ್ರ ಮುಗೀತು.' ಪಾಲಾಕ್ಷಪ್ಪ ಬಲಗೈಯನ್ನು ಕಂಬಳಿಯೊಳಗೆ ಎಳೆದುಕೊಂಡ. 'ಕುಡುಗೋಲು ಊರಾಗೈತಿ' ಎಂದ. ಥೂ, ಎಂಥ ಮಾತು ಬಂತು ಬಾಯಿಂದ ಎಂದು ಅನ್ನಿಸುವಷ್ಟರಲ್ಲಿ ಗಾದಿಲಿಂಗಪ್ಪ ನಗುತ್ತ, 'ಕುಡುಗೋಲಿಗೇನು ಬರ ಬಂದೈತಿ, ಇಲ್ಲೇ ಪ್ಯಾಟ್ಯಾಗ ತಂದ್ರಾತು. ಕೈ ನಿಂದಿದ್ರ ಸಾಕು' ಎಂದು, ಬೆಂಚಿನ ಇನ್ನೊಂದು ಕೊನೆಗೆ ತಿರುಗಿದ. 'ಏನಬೇ ಅಂಜಿನಕ್ಕ, ಎಳಕೊಂಡು ಎಳಕೊಂಡು ನಡೀತಿದ್ದ ನಿನ್ನ ಕಾಲು ನೆಟ್ಟಗ ಮಾಡಿದ ಕೈ ಅಲ್ಲೇನು ಇದು? ಹೌದಿಲ್ಲೋ ಹೇಳು.'

ಅಂಜಿನಕ್ಕ ಸೀರೆಯ ಅಂಚನ್ನು ಇನ್ನೂ ಒಂದು ಗೇಣು ಕೆಳಗೆ ಎಳೆದುಕೊಂಡಳು. 'ಹೌದಣ್ಣ' ಎಂದಳು.

ಆ ಹೌದೆಂಬುದು ಅವನ ಎದೆಯಲ್ಲಿ ಎಲ್ಲೋ ಹೋಗಿ ಕೂತುಕೊಂಡಿತು. 'ಬ್ಯಾಡ ಗಾದಿಲಿಂಗಪ್ಪ, ಗುಳಿಗಿನ ಕೊಡ್ರಿ. ನಾನು ಬಿಟ್ಟೀನಿ ಅದನ್ನ' ಎಂದ. ಯಾಕ, ಏನಾತು ಎಂದು ಆತ ಕೇಳಿದ. ಯಾಕೆಂದು ತೋರಿಸಲು ಇಲ್ಲೇ ಒಂದು ಗೇಣಿನ ದೂರದಲ್ಲಿ, ಸೀರೆಯ ಅಡಿಯಲ್ಲಿ ಎಲ್ಲವೂ ಇತ್ತು. ಪಟ್ಟಿ ಬಿಚ್ಚು ಎಂದು ತಂಗಿಗೆ ಹೇಳಿದರೆ ಸಾಕಿತ್ತು, ಅಥವಾ ಇದೇ ಕೈ ಈ ಕಾಲನ್ನು ತಿನ್ನುತ್ತಿದೆ ಎಂದು ಒಂದೇ ಒಂದು ಮಾತು ಆಡಿದ್ದರೂ ಸಾಕಿತ್ತು. ಅಷ್ಟರಲ್ಲಿ ದಾವಣಗೆರೆ ಬಸ್ಸು ಧೂಳೆಬ್ಬಿಸಿಕೊಂಡು ಬಂತು, ಜನ ಬಾಗಿಲಿಗೆ ಮುಗಿಬಿದ್ದರು, ಅವನು ತಂಗಿಯ ರಟ್ಟೆ ಹಿಡಿದು ಎದ್ದ. ಹೇಳದೆ ಹೋದದ್ದಕ್ಕೆ ಬಸ್ಸಿನ ನೆಪ ಸಿಕ್ಕಿತಲ್ಲ ಎಂದು ಒಳಗೊಳಗೇ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಇವನು ಬಿಟ್ಟರೆ ಏನಾಯಿತು, ಗಾದಿಲಿಂಗಪ್ಪ ಬೇರೆ ಯಾರನ್ನಾದರೂ ಹುಡುಕುತ್ತಾನೆ. ಬರೆ ಎಳೆಯುವವರಿಗೇನು ಬರವೇ.

ಬಸ್ಸಿನಲ್ಲಿ ಮೂವರು ಕೂಡುವ ಸೀಟು ಸಿಕ್ಕಿತು. ಕಿಟಕಿಯ ಕಡೆ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ಸೆರಗಿನಿಂದ ಮೂಗು ಒತ್ತಿಕೊಂಡಳು, ಆಮೇಲೆ ಎದ್ದು ಹಿಂದೆ ಹೋಗಿ ನಿಂತುಕೊಂಡಳು. ಸೀಟು ಬಿಟ್ಟು ನಿಲ್ಲುವವರು ಯಾರಿದ್ದಾರೆ? ಅಂಜಿನಕ್ಕ ಏನೂ ತಿಳಿಯದವಳಂತೆ ಖಾಲಿಯಾದ ಜಾಗಕ್ಕೆ ಸರಿದು, ಕಾಲಿಗೆ ಆರಾಮಾತು ನೋಡು ಎಂದಳು. ಹುಣ್ಣಿನ ವಾಸನೆಗೆ ಅವಳಿಗೆ ಅಭ್ಯಾಸವಾಗಿತ್ತು, ಅವನಿಗೆ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಶೇಂಗಾ ಕೀಳುವಾಗ ಹಳೆಯ ಕಲೆ ಕಡಿಯುತ್ತದೆ ಎಂದು ಕೆರೆದುಕೊಂಡಳಂತೆ, ಒಂದು ಬಿರುಕು ಬಂತಂತೆ, ಬಿರುಕು ಆರಲಿಲ್ಲವಂತೆ. ಆಮೇಲೆ ಅದರ ಅಂಚು ಹೂಕೋಸಿನಂತೆ ಎದ್ದು ಹೊರಚಾಚಿತು. ಅದು ಹುಟ್ಟಿದ್ದು ಎಲ್ಲಿ ಅಂದರೆ, ಕಲೆಯ ಎರಡು ಗೆರೆಗಳು ಒಂದನ್ನೊಂದು ದಾಟುವ ಜಾಗದಲ್ಲಿ, ಸರಿಯಾಗಿ ಅಲ್ಲಿಯೇ. ಎರಡು ಗೆರೆ ಇದ್ದವೆಂಬುದನ್ನು ಪಾಲಾಕ್ಷಪ್ಪ ಯಾರ ಮುಂದೆಯೂ ಹೇಳಿದವನಲ್ಲ. ತನ್ನ ಮುಂದೆಯೂ. ಕಿಟಕಿಯ ಆಚೆ ಮೆಕ್ಕೆಜೋಳದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು, ನಲವತ್ತು ವರ್ಷದ ಹಿಂದಿನ ಹಟ್ಟಿಯಲ್ಲಿ ಅಜ್ಜಿ ಗಾದೆಮ್ಮ ಒಲೆಯ ಮುಂದೆ ಕೂತು ಕುಳ್ಳು ಮುರಿಯುತ್ತಿದ್ದಳು, ಹೊರಗೆ ಬಿಸಿಲು ಹೀಗೆಯೇ ಬೆಳ್ಳಗೆ ಬಿದ್ದಿತ್ತು. ಅಪ್ಪ ಕುರಿ ಹೊಡೆದುಕೊಂಡು ಹಡಗಲಿಯ ಹೊಳೆಯ ಕಡೆ ಹೋಗಿ ಎರಡು ತಿಂಗಳಾಗಿತ್ತು. ಏಳು ವರ್ಷದ ಅಂಜಿನಿಗೆ ಜ್ವರ ಬಂದು ಬಿಟ್ಟಿತ್ತು, ಬಿಟ್ಟ ಮೇಲೆ ಎಡಗಾಲು ಎಳೆಯತೊಡಗಿತ್ತು. ಹೊಟ್ಟೆ ಉಬ್ಬಿದ ಕುರಿಗಳಿಗೆ ಎರಡು ಮೂರು ಸಲ ಬರೆ ಎಳೆದು ಬದುಕಿಸಿದ್ದ ಹದಿನೈದರ ಪಾಲಾಕ್ಷನಿಗೆ ಗಾದೆಮ್ಮ, ನಿಮ್ಮಪ್ಪ ಇಲ್ಲ, ಗಂಡಸು ಅಂದ್ರ ಈಗ ನೀನು ಎಂದು ಹೇಳಿದಳು. ಆ ಮಾತಿಗೆ ಅವನ ಎದೆ ಉಬ್ಬಿತ್ತು. ಅದನ್ನು ಅವನು ಸುಳ್ಳೆಂದು ಹೇಳಲಾರ, ಉಬ್ಬಿತ್ತು.

ಗಾದೆಮ್ಮ ಕೂಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದುಮಿ ಹಿಡಿದಳು. ಅವನು ಎಡಗೈಯಲ್ಲಿ ಹಿಮ್ಮಡಿ ಹಿಡಿದು, ಅವಳ ತೊಡೆಯ ಮೇಲೆ ಮಂಡಿ ಊರಿ, ಕುಡುಗೋಲಿನ ಬೆನ್ನನ್ನು ಮೀನಖಂಡದ ಮೇಲೆ ಎಳೆದ. ಯಣ್ಣಾ ಸುಡತೈತಿ, ಬಿಡೋ, ಸುಡತೈತೋ ಎಂದು ಅವಳು ಕಿರುಚಿ ಕಾಲು ಕಿತ್ತುಕೊಂಡಳು. ಗೆರೆ ಸೊಟ್ಟಗಾಯಿತು. ಅತ್ತು ಕೆಡಿಸಿದ್ಲು ನೋಡು, ಅತ್ತರ ಬರಿ ಹತ್ತಂಗಿಲ್ಲ, ಇನ್ನೊಂದು ಎಳಿ ಎಂದಳು ಗಾದೆಮ್ಮ. ಹಟ್ಟಿಯಲ್ಲಿ ಅದೊಂದು ನಂಬಿಕೆಯಿತ್ತು. ಬರೆ ತಿನ್ನುವವರು ಬಾಯಿ ಬಿಟ್ಟರೆ ಬರೆಯ ಗುಣ ಬಾಯಿಂದ ಹೊರಗೆ ಹೋಗುತ್ತದೆಂದು. ಅಜ್ಜಿ ಹೇಳಿದಳು, ಅವನು ಎಳೆದ, ಅಷ್ಟೇ ಆಗಿದ್ದರೆ ಅಜ್ಜಿಯ ತಲೆಗೆ ಕಟ್ಟಿ ನಿದ್ದೆ ಮಾಡಬಹುದಿತ್ತು, ಅವಳೇನು ಎದ್ದು ಬಂದು ಕೇಳುತ್ತಾಳೆಯೇ. ಆದರೆ ಕುಡುಗೋಲನ್ನು ಮತ್ತೆ ಬೆಂಕಿಗಿಟ್ಟು ಅದು ಕೆಂಪಾಗಲೆಂದು ಕಾಯುತ್ತಿದ್ದಾಗ ಅವನೊಳಗೆ ಇದ್ದದ್ದು ಅಜ್ಜಿಯ ಮಾತಲ್ಲ. ತನ್ನ ಗೆರೆ ಸೊಟ್ಟಗಾಯಿತಲ್ಲ ಎಂಬ ಸಿಟ್ಟು. ಕುರಿ ಕೂಡ ಸುಮ್ಮನಿರುತ್ತದೆ, ಇವಳು ನೋಡು ಎಂಬ ಸಿಟ್ಟು. ಎರಡನೆಯ ಸಲ ಒತ್ತಿ ಎಳೆದ. ಆ ಸಲ ಅವಳು ಅಳಲಿಲ್ಲ. ಬಾಯಿ ಬಿಗಿದುಕೊಂಡು ಅಣ್ಣನ ಮುಖವನ್ನೇ ನೋಡಿದಳು. ಕಾಲ ಬೆರಳುಗಳು ಮಾತ್ರ ಐದೂ ಒಳಕ್ಕೆ ಮಡಚಿಕೊಂಡವು. ಈಗ ಹೆಂಗ ಜಾಣಿ ಆದ್ಲು ನೋಡು ಎಂದು ಗಾದೆಮ್ಮ ಕೂಸಿನ ಹಣೆಗೆ ನಿಟಿಕೆ ಮುರಿದಳು. ಹುಣ್ಣು ಒಂದು ಮಳೆಗಾಲ ಕೀವಾಡಿತು. ದೀಪಾವಳಿಯ ಹೊತ್ತಿಗೆ ಅಂಜಿನಿ ಕಾಲು ನೆಟ್ಟಗಿಟ್ಟು ನಡೆದಳು, ಪಾಲಾಕ್ಷನ ಕೈಗುಣದ ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹೋಯಿತು. ಮೊನ್ನೆ ಡಾಕ್ಟರಮ್ಮನನ್ನು, ಯಾರದೋ ವಿಷಯವೆಂಬಂತೆ, ಜ್ವರದ ಮ್ಯಾಲೆ ಎಳಿಯೋ ಕಾಲು ತಾನಾಗೇ ಸರಿ ಹೋಗೂದು ಐತೇನ್ರಿ ಎಂದು ಕೇಳಿದ್ದ. ಬೇಕಾದಷ್ಟು ಸಲ ಹೋಗತ್ತೆ ಎಂದು ಅವರು ತಲೆಯೆತ್ತದೆ ಹೇಳಿದ್ದರು.

ಆಸ್ಪತ್ರೆಯಲ್ಲಿ ಎಂದಿನಂತೆ ಚೀಟಿ, ಎಂದಿನಂತೆ ಸಾಲು, ಎಂದಿನಂತೆ ಚಪ್ಪಲಿ ಹೊರಗೆ ಬಿಡಿ ಎಂಬ ಗದರಿಕೆ. ಮೂರು ತಾಸು ಕೂತರು. ಅಂಜಿನಕ್ಕ ಮಂಜಮ್ಮ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿ ಅವನ ಮುಂದಿಟ್ಟಳು, ಅವನು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದ. 'ಯಣ್ಣಾ, ಕಾಲು ತಗದ್ರ ನಾನು ಕುರಿ ಹಿಂದ ಹೋಗಾಕ ಆಗಂಗಿಲ್ಲ. ಕುಂತು ತಿನ್ನಾಕಿನ್ನ ಯಾರ್ ನೋಡ್ಕೋತಾರ?' ಎಂದಳು ಒಮ್ಮೆಲೇ. ಅಳುವಿನ ದನಿಯಲ್ಲ, ನಾಳೆ ಮಳೆ ಬರಬಹುದೇ ಎಂದು ಕೇಳುವ ದನಿ. 'ತಗ್ಯಂಗಿಲ್ಲ, ಸುಮ್ಕಿರು' ಎಂದ. ಯಾವ ಬಾಯಿಂದ ಹೇಳಿದೆ ಎಂದು ತನ್ನನ್ನೇ ಕೇಳಿಕೊಂಡ. ಹೆಸರು ಕೂಗಿದರು.

ಡಾಕ್ಟರಮ್ಮ ಪಟ್ಟಿ ಬಿಚ್ಚಿಸಿ, ಬಗ್ಗಿ, ಕೈಗವಸು ಹಾಕಿದ ಬೆರಳಿನಿಂದ ಸುತ್ತ ಒತ್ತಿ ಒತ್ತಿ ನೋಡಿದರು. ಬೊಬ್ಬೆಯ ಜಾಗದಲ್ಲಿ ಹೊಸ ಚರ್ಮ ಎಳೆ ಗುಲಾಬಿಯಾಗಿ ಕೂಡಿತ್ತು. ಹುಣ್ಣಿನ ಅಂಚು ಮೊದಲಿಗಿಂತ ತಗ್ಗಿದೆ ಎಂದರು. 'ಇವತ್ತಿಂದ ಎರಡೂ ಶುರು ಮಾಡಬಹುದು. ಆದ್ರೆ ಒಂದು ಮಾತು. ಯಂತ್ರಕ್ಕೆ ವೈರು ಇಟ್ಟಿರೋ ಮೂರು ಕಡೆಯ ಬಿಸಿ ಮಾತ್ರ ಗೊತ್ತಾಗತ್ತೆ, ಮಿಕ್ಕಿದ್ದನ್ನ ಈ ಅಮ್ಮನೇ ಹೇಳಬೇಕು. ಇವರು ಬಾಯಿ ಮುಚ್ಕೊಂಡು ಇನ್ನೊಂದು ಸಲ ಸುಟ್ಟುಕೊಂಡ್ರೆ ಆ ಚರ್ಮ ಮತ್ತೆ ಕೂಡಲ್ಲ, ಕಾಲು ಹೋಗತ್ತೆ. ಯಾಕಮ್ಮ ಹೇಳಲ್ಲ ನೀವು?' ಅಂಜಿನಕ್ಕ ನೆಲ ನೋಡಿದಳು. ಡಾಕ್ಟರಮ್ಮ ಫೈಲಿನ ಹಾಳೆ ತಿರುವಿ, 'ಚಿಕ್ಕವರಿದ್ದಾಗ ಒಲೆ ಮೇಲೆ ಬಿದ್ದದ್ದು ಅಂತ ಬರೆದಿದೆ' ಎಂದು ಓದಿದರು. ಆ ಮಾತು ಬರೆಸಿದವನು ಪಾಲಾಕ್ಷಪ್ಪನೇ. ಮೊದಲ ದಿನ, ಇದು ಹೇಗಾಯಿತು ಎಂದು ಕೇಳಿದಾಗ, ತಂಗಿ ಬಾಯಿ ತೆರೆಯುವ ಮುಂಚೆ ತಾನೇ ಮುಂದೆ ಬಿದ್ದು ಹೇಳಿದ್ದ. ಅಂಜಿನಕ್ಕ ಹೌದ್ರಿ ಎಂದು ತಲೆಯಾಡಿಸಿದ್ದಳು. ಇವತ್ತೂ ಬೇಕಾದರೆ ಗೋಡೆಯ ಪಟ ಅಲ್ಲೇ ಇತ್ತು.

'ಒಲಿ ಮ್ಯಾಲೆ ಬಿದ್ದಿದ್ದಿಲ್ರಿ' ಎಂದ. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು. 'ನಾನು ಬರಿ ಎಳದಿದ್ದೆ. ಮೊನ್ನಿ ಬಿಸಿ ಅಂತ ಹೇಳಬ್ಯಾಡ, ತಡಕೋ ಅಂದಾಂವನೂ ನಾನೇ. ಆಕಿದೇನೂ ತಪ್ಪಿಲ್ರಿ.'

ಬೈಗುಳಕ್ಕೆ ಅವನು ಹೆಗಲು ಕುಗ್ಗಿಸಿ ನಿಂತ. ಹೊರಗೆ ಹಾಕುತ್ತಾರೆ, ಪೊಲೀಸರನ್ನು ಕರೆಸುತ್ತಾರೆ, ಏನಾದರೂ ಮಾಡುತ್ತಾರೆ ಎಂದುಕೊಂಡಿದ್ದ. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬೆಳಗಿನಿಂದ ಎಷ್ಟು ಜನರನ್ನು ನೋಡಿದ್ದರೋ. 'ಇಲ್ಲಿಗೆ ಬರೋರಲ್ಲಿ ಬರೆ ಇಲ್ಲದ ಮೈ ಹುಡುಕಬೇಕು, ಯಜಮಾನ್ರೆ' ಎಂದು, ಪೆನ್ನು ತೆಗೆದು, ಹಳೆಯ ಸಾಲನ್ನು ಹೊಡೆದುಹಾಕಿದರು. 'ಎಷ್ಟು ಎಳೆದಿದ್ರಿ?' 'ಒಂದ್ರಿ' ಎಂದ. ಬಾಯಿಂದ ಬಂದೇಬಿಟ್ಟಿತು. ಡಾಕ್ಟರಮ್ಮ ಕಾಲಿನ ಕಡೆ ನೋಡಲಿಲ್ಲ, ಬರೆದುಕೊಂಡರು. ನಲವತ್ತು ವರ್ಷ ಎದೆಯ ಮೇಲೆ ಕೂತದ್ದು ಫೈಲಿನಲ್ಲಿ ಅರ್ಧ ಸಾಲು ಆಯಿತು, ಅದರಲ್ಲೂ ಅರ್ಧ ಸುಳ್ಳು. ಅಂಜಿನಕ್ಕ ತಲೆ ಎತ್ತಿ ಅಣ್ಣನನ್ನು ಒಮ್ಮೆ ನೋಡಿದಳು, ಮತ್ತೆ ನೆಲ ನೋಡಿದಳು. 'ನೀವು ಇವತ್ತು ಒಳಗೇ ಕೂತ್ಕೊಳ್ಳಿ' ಎಂದರು ಡಾಕ್ಟರಮ್ಮ ಅವನಿಗೆ. 'ಹೇಳಬೇಡ ಅಂದೋರು ನೀವು ತಾನೆ, ಹೇಳು ಅಂತಲೂ ನೀವೇ ಹೇಳಿ.'

ಕರೆಂಟಿನ ಕೋಣೆಯಿಂದ ಅಂಜಿನಕ್ಕ ಹತ್ತು ನಿಮಿಷದಲ್ಲಿ ಬಂದಳು. ಶಾಖದ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿ, ಪ್ರವೀಣಕುಮಾರ್ ಮೂರು ವೈರುಗಳನ್ನು ಮೀನಖಂಡಕ್ಕೆ ಅಂಟಿಸಿ, ನೀರಿನ ಚೀಲವನ್ನು ಮೆಲ್ಲಗೆ ಹುಣ್ಣಿನ ಮೇಲೆ ಕೂರಿಸಿದ. ಪಾಲಾಕ್ಷಪ್ಪನಿಗೆ ಅವಳ ಪಾದದ ಹತ್ತಿರ ಒಂದು ಸ್ಟೂಲು. ಬೇರೆ ಕಡೆ ಜಾಗವಿರಲಿಲ್ಲ. ಅಂದು ಬರೆ ಎಳೆಯುವಾಗ ಕೂತಿದ್ದ ಜಾಗವೇ ಅದು ಎಂದು ಕೂತ ಮೇಲೆ ತಿಳಿಯಿತು, ಎದ್ದು ನಿಂತ, ತೊಂದರೆ ಆಗತ್ತೆ ಕೂತ್ಕೊಳ್ಳಿ ಎಂದು ಹುಡುಗ ಹೇಳಿದ, ಕೂತ. 'ಬಿಸಿ ಆದ್ರ ಹೇಳು ಅಂಜಿನಿ. ನ್ಯಾರ ಹೇಳಿಬಿಡು. ಮೊನ್ನಿ ನಾನು ಹೇಳಿದ್ದು ತಪ್ಪು' ಎಂದ. 'ಹೂಂ, ಯಣ್ಣಾ' ಎಂದಳು. ಅದೇ ಹೂಂ. ಯಂತ್ರದ ಮೇಲೆ ಕೆಂಪು ಅಂಕಿಗಳು ಮೂಡಿದವು. ಅಕ್ಷರ ಬಾರದಿದ್ದರೂ ಅಂಕಿ ಅವನಿಗೆ ಬರುತ್ತಿತ್ತು; ಕುರಿ ಎಣಿಸುವವನಿಗೆ ಅಷ್ಟು ಬೇಕಲ್ಲ. ಮೂವತ್ತೆಂಟು. ಮೂವತ್ತೊಂಬತ್ತು. ಇಷ್ಟು ನಿಧಾನದ ಬೆಂಕಿಯನ್ನು ಅವನು ಕಂಡಿರಲಿಲ್ಲ. ಕುಡುಗೋಲಿನ ಬಿಸಿ ಒಂದು ಉಸಿರಿನ ಹೊತ್ತಿಗೆ ಮುಗಿದುಹೋಗುತ್ತಿತ್ತು, ಮಾಡಿದವನಿಗೆ ನೋಡುತ್ತ ಕೂಡುವ ಪಾಡು ಇರಲಿಲ್ಲ. ಇಲ್ಲಿ ಒಂದು ತಾಸು ಪಾದದ ಹತ್ತಿರ ಕೂತು ನೋಡಬೇಕು. ಬಾಣಂತಿಯ ಮೈಗೆ ನೀರು ಹಾಕುವವರು ಮೊದಲು ತಮ್ಮ ಕೈ ಅದ್ದಿ ನೋಡುವಂತೆ, ಈ ಹುಡುಗ ನಾಲ್ಕು ನಿಮಿಷಕ್ಕೊಮ್ಮೆ ಬಂದು, ಹೆಂಗಿದೆ ಅಮ್ಮಾ, ಬಿಸಿ ಆಗ್ತಿದೆಯಾ ಎಂದು ಕೇಳುತ್ತಿದ್ದ. 'ಇಲ್ರಿ' ಎನ್ನುತ್ತಿದ್ದಳು ಅಂಜಿನಕ್ಕ. ನಲವತ್ತು. ನಲವತ್ತೊಂದು. ತನ್ನ ಕೈಯಿಂದ ಬರೆ ತಿಂದ ಮುಖಗಳು ಒಂದೊಂದಾಗಿ ಅವನ ಕಣ್ಣೆದುರು ಬರತೊಡಗಿದವು, ಯಾವುದೂ ಅಳುತ್ತಿರಲಿಲ್ಲ, ಎಲ್ಲ ಬಾಯಿ ಬಿಗಿದುಕೊಂಡಿದ್ದವು. ಗಾದಿಲಿಂಗಪ್ಪನ ಹೆಗಲ ಮೇಲಿನ ಹಳದಿ ಕಣ್ಣು. ನಲವತ್ತೆರಡು. ಹುಡುಗ ಬಂದು ಕೇಳಿದ. 'ಇಲ್ರಿ.' ಸರಿ ಎಂದು ಅವನು ಪುಸ್ತಕದಲ್ಲಿ ಬರೆಯಲು ತಿರುಗಿದ.

ಆಗ ಪಾಲಾಕ್ಷಪ್ಪ ನೋಡಿದ. ಅವಳ ಎಡಗಾಲಿನ ಬೆರಳುಗಳು, ಬಿಸಿಲಿಗೆ ಬಿರಿದ, ಸವೆದ ಕಾಲುಂಗುರದ, ನಲವತ್ತೇಳು ವರ್ಷದ ಬೆರಳುಗಳು, ಐದೂ ಒಳಕ್ಕೆ ಮಡಚಿಕೊಂಡಿದ್ದವು. ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಅವಳು ಯಂತ್ರವನ್ನು ನೋಡುತ್ತಿರಲಿಲ್ಲ, ಮೇಲಿನ ಚಾವಣಿಯನ್ನು ನೋಡುತ್ತಿರಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

'ಅಂಜಿನಿ, ಸುಡತೈತೇನು?' ಎಂದ.

ಬೆರಳುಗಳು ಇನ್ನಷ್ಟು ಬಿಗಿದುಕೊಂಡವು.

'ಸುಡತೈತಿ ಅಂದ್ರ ಹೇಳು, ಯವ್ವಾ. ಹೇಳಬೇಕು.'

ಅವಳ ತುಟಿ ಒಂದು ಸಲ ಅಲುಗಿತು, ನಿಂತಿತು. ಆಮೇಲೆ, ಹುಡುಗನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಅಣ್ಣನ ಹೊರತು ಇನ್ನಾರಿಗೂ ಅರ್ಥವಾಗದ ಆ ಮಾತನ್ನು ಕೇಳಿದಳು: 'ಹೇಳಿದ್ರ ಇನ್ನೊಂದ್ ಸಲ ಇಡಂಗಿಲ್ಲಲ್ಲಾ, ಯಣ್ಣಾ?'

ಬಸ್ಸಿನಲ್ಲಿ ತಾನು ಹೇಳಿದ್ದಕ್ಕೆ ಅವಳು ಬಾಯಿ ಮುಚ್ಚಿಕೊಂಡಿದ್ದಳೆಂದು ಅವನು ಹತ್ತು ದಿನ ಒದ್ದಾಡಿದ್ದ. ಅದಕ್ಕಲ್ಲ. ಒಂದ್ರಿ ಎಂದು ಈಗಷ್ಟೇ ಬರೆಸಿ ಬಂದಿದ್ದ. ಇವಳು ಎರಡನ್ನೂ ನಲವತ್ತು ವರ್ಷ ಹಾಗೇ ಇಟ್ಟುಕೊಂಡಿದ್ದಳು. ಅವನು ಕಂಬಳಿಯೊಳಗಿಂದ ಬಲಗೈ ತೆಗೆದ, ಎಡಗೈಯನ್ನೂ ತಂದು ಪಕ್ಕಕ್ಕಿಟ್ಟ, ಎರಡೂ ಅಂಗೈಗಳನ್ನು ಬಿಚ್ಚಿ ಅವಳ ಕಣ್ಣಿಗೆ ಕಾಣುವಂತೆ ಹಿಡಿದ. 'ಇಲ್ಲವ್ವಾ. ನೋಡಿಲ್ಲಿ, ಏನೂ ಇಲ್ಲ' ಎಂದ.

ಅಂಜಿನಕ್ಕ ಆ ಎರಡು ಕೈಗಳನ್ನು ಒಂದಾದ ಮೇಲೆ ಒಂದರಂತೆ ನೋಡಿದಳು. ನಂಬಬೇಕೋ ಬೇಡವೋ ಎಂದು ಯೋಚಿಸುವವಳಂತೆ ಬಹಳ ಹೊತ್ತು ನೋಡಿದಳು. ಕೊನೆಗೆ ಅವನಿಗಲ್ಲ, ಬಾಗಿಲ ಕಡೆ ಬರೆಯುತ್ತ ನಿಂತ ಹುಡುಗನ ಕಡೆ ಮುಖ ತಿರುಗಿಸಿ, 'ಸುಡತೈತ್ರಿ' ಎಂದಳು. ಪ್ರವೀಣಕುಮಾರ್ ಬಂದು ಗುಂಡಿ ತಿರುಗಿಸಿದ. ಎಲ್ಲಿ, ಈ ಕಡೆಯಾ ಎಂದು ಕೇಳಿ ಚೀಲವನ್ನು ಸ್ವಲ್ಪ ಸರಿಸಿದ. ಅಂಕಿ ನಲವತ್ತೊಂದಕ್ಕೆ ಇಳಿಯಿತು, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ತಾಸು ತುಂಬಲು ಇನ್ನೂ ನಲವತ್ತು ನಿಮಿಷವಿತ್ತು. ಪಾಲಾಕ್ಷಪ್ಪ ಕೈಗಳನ್ನು ಹಾಗೇ ಬಿಚ್ಚಿ ಹಿಡಿದುಕೊಂಡು ಕೂತಿದ್ದ.